ಪರಮಾಣುವಿನಿಂದ ಮನೆಯ ವಿದ್ಯುನ್ಮಂಡಲದವರೆಗೆ: ವಿದ್ಯುತ್ ಸಂಪರ್ಕದ ಅರ್ಜಿದಾರರಿಗೆ ಪ್ರಾಥಮಿಕ ಮಾಹಿತಿ

1. ಪೀಠಿಕೆ

ಹೊಸ ವಿದ್ಯುತ್ ಸಂಪರ್ಕ ಅಥವಾ ಹೆಚ್ಚುವರಿ ಹೊರೆಯ ಮಂಜೂರಾತಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಅರ್ಜಿ ನಮೂನೆಯಲ್ಲಿ ಹಾಗೂ ವೈರಿಂಗ್ ವರದಿಯಲ್ಲಿ ಹಲವು ತಾಂತ್ರಿಕ ಪದಗಳನ್ನು ಕಾಣುತ್ತಾರೆ. ಸಂಪರ್ಕಿತ ಹೊರೆ, ಕಿಲೋವ್ಯಾಟ್, ಸಿಂಗಲ್ ಫೇಸ್, ಅರ್ತಿಂಗ್, ಇನ್ಸುಲೇಶನ್ ರೋಧ ಮುಂತಾದವು ಇವುಗಳಲ್ಲಿ ಮುಖ್ಯವಾದವು. ಅನೇಕ ಅರ್ಜಿದಾರರು ಈ ಅಂಕಣಗಳನ್ನು ಭರ್ತಿ ಮಾಡುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ತಾವು ಸಹಿಯನ್ನು ಮಾತ್ರ ಮಾಡುವುದು ರೂಢಿಯಲ್ಲಿದೆ. ಆದರೆ ಸಂಪರ್ಕ ದೊರೆತ ನಂತರ ಆ ಮನೆಯಲ್ಲಿ ವಾಸಿಸುವವರು ಅರ್ಜಿದಾರರು ಮತ್ತು ಅವರ ಕುಟುಂಬದವರೇ ಆಗಿರುತ್ತಾರೆ. ಅರ್ತಿಂಗ್ ಇಲ್ಲದ ಗೀಸರ್, ಹೊರೆ ತಾಳದ ತಂತಿ, ಸಡಿಲವಾದ ಜೋಡಣೆ ಇವುಗಳ ಪರಿಣಾಮವನ್ನು ಅನುಭವಿಸುವವರೂ ಅವರೇ.

ಈ ಪದಗಳ ಅರ್ಥವನ್ನು ತಿಳಿಯಲು ಉನ್ನತ ವಿಜ್ಞಾನ ಶಿಕ್ಷಣದ ಅಗತ್ಯವಿಲ್ಲ. ಪರಮಾಣುವಿನ ರಚನೆಯ ಕುರಿತು ಕೆಲವು ಮೂಲಭೂತ ವಿಷಯಗಳನ್ನು ಅರಿತರೆ ವಿದ್ಯುತ್ ಪ್ರವಾಹವೆಂದರೇನು, ತಂತಿ ಏಕೆ ಬಿಸಿಯಾಗುತ್ತದೆ, ಅರ್ತಿಂಗ್ ಏಕೆ ಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಈ ಉದ್ದೇಶದಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಪರಮಾಣುವಿನ ರಚನೆ

ಎಲ್ಲ ವಸ್ತುಗಳೂ ಪರಮಾಣುಗಳಿಂದ ಆಗಿವೆ. ಪರಮಾಣುವಿನ ಮಧ್ಯದಲ್ಲಿ ನ್ಯೂಕ್ಲಿಯಸ್ ಎಂಬ ಬೀಜಕೇಂದ್ರವಿರುತ್ತದೆ. ಇದರಲ್ಲಿ ಧನ ಆವೇಶವುಳ್ಳ ಪ್ರೋಟಾನ್‌ಗಳು ಮತ್ತು ಆವೇಶರಹಿತವಾದ ನ್ಯೂಟ್ರಾನ್‌ಗಳು ಇರುತ್ತವೆ. ಬೀಜಕೇಂದ್ರದ ಹೊರಗೆ ಋಣ ಆವೇಶವುಳ್ಳ ಎಲೆಕ್ಟ್ರಾನ್‌ಗಳು ಇರುತ್ತವೆ. ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಆವೇಶದ ಪ್ರಮಾಣ ಒಂದೇ, ಚಿಹ್ನೆ ಮಾತ್ರ ವಿರುದ್ಧ. ಸಾಮಾನ್ಯ ಸ್ಥಿತಿಯಲ್ಲಿ ಇವೆರಡರ ಸಂಖ್ಯೆಯೂ ಸಮವಾಗಿರುವುದರಿಂದ ಪರಮಾಣುವು ಒಟ್ಟಾರೆಯಾಗಿ ಆವೇಶರಹಿತವಾಗಿರುತ್ತದೆ. ಪ್ರೋಟಾನಿನ ದ್ರವ್ಯರಾಶಿ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಅಧಿಕ. ಆದಕಾರಣ ಬೀಜಕೇಂದ್ರವು ತನ್ನ ಸ್ಥಾನದಲ್ಲಿಯೇ ಉಳಿದು, ಹಗುರವಾದ ಎಲೆಕ್ಟ್ರಾನ್‌ಗಳು ಸುಲಭವಾಗಿ ಚಲಿಸುತ್ತವೆ.

ಈ ತಿಳಿವಳಿಕೆಯು ಹಂತಹಂತವಾಗಿ ದೊರೆಯಿತು. 1897 ರಲ್ಲಿ ಜೆ.ಜೆ. ಥಾಮ್ಸನ್ ಅವರು ಎಲೆಕ್ಟ್ರಾನನ್ನು ಗುರುತಿಸಿದರು. 1911 ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಅವರು ಪರಮಾಣುವಿನ ಬಹುತೇಕ ದ್ರವ್ಯರಾಶಿಯು ಅತಿ ಚಿಕ್ಕ ಬೀಜಕೇಂದ್ರದಲ್ಲಿ ಅಡಗಿದೆ ಎಂದು ತೋರಿಸಿದರು. 1913 ರಲ್ಲಿ ನೀಲ್ಸ್ ಬೋರ್ ಅವರು ಎಲೆಕ್ಟ್ರಾನ್‌ಗಳು ನಿಗದಿತ ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲವು ಎಂಬ ಮಾದರಿಯನ್ನು ಮಂಡಿಸಿದರು. 1932 ರಲ್ಲಿ ಜೇಮ್ಸ್ ಚಾಡ್ವಿಕ್ ಅವರು ನ್ಯೂಟ್ರಾನನ್ನು ಕಂಡುಹಿಡಿದರು. ಎಲೆಕ್ಟ್ರಾನ್‌ಗಳು ಗ್ರಹಗಳಂತೆ ನಿಶ್ಚಿತ ಪಥದಲ್ಲಿ ಸುತ್ತುತ್ತವೆ ಎಂಬ ಚಿತ್ರವನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಆದರೂ ಎಲೆಕ್ಟ್ರಾನ್‌ಗಳು ಒಂದರ ಹೊರಗೆ ಇನ್ನೊಂದರಂತೆ ಕವಚಗಳಲ್ಲಿ ಹಂಚಿಕೆಯಾಗಿವೆ ಎಂಬ ಕಲ್ಪನೆಯು ಪ್ರಾಥಮಿಕ ತಿಳಿವಳಿಕೆಗೆ ಸಾಕಾಗುತ್ತದೆ.

ಪರಮಾಣುವಿನ ಬಹುಭಾಗವು ಖಾಲಿ ಜಾಗವೇ ಆಗಿದೆ. ತಾಮ್ರದ ಪರಮಾಣುವಿನ ಬೀಜಕೇಂದ್ರವನ್ನು ಒಂದು ಸಾಸಿವೆ ಕಾಳಿನಷ್ಟು ಎಂದು ಭಾವಿಸಿದಲ್ಲಿ, ಇಡೀ ಪರಮಾಣುವಿನ ವ್ಯಾಸವು ಸುಮಾರು 50 ಮೀಟರ್ ಆಗುತ್ತದೆ.

3. ವಾಹಕಗಳು ಮತ್ತು ಅವಾಹಕಗಳು

ತಾಮ್ರದ ಪರಮಾಣುವಿನಲ್ಲಿ 29 ಎಲೆಕ್ಟ್ರಾನ್‌ಗಳಿವೆ. ಇವು ಒಳಗಿನಿಂದ ಹೊರಗೆ ಕ್ರಮವಾಗಿ 2, 8, 18 ಮತ್ತು 1 ರಂತೆ ನಾಲ್ಕು ಕವಚಗಳಲ್ಲಿ ಹಂಚಿಕೆಯಾಗಿವೆ. ಅತ್ಯಂತ ಹೊರಗಿನ ಕವಚದಲ್ಲಿರುವ ಒಂದೇ ಒಂದು ಎಲೆಕ್ಟ್ರಾನಿನ ಮೇಲೆ ಬೀಜಕೇಂದ್ರದ ಹಿಡಿತ ಸಡಿಲವಾಗಿರುತ್ತದೆ. ತಾಮ್ರದ ತಂತಿಯಲ್ಲಿ ಪರಮಾಣುಗಳು ಒತ್ತಾಗಿ ಜೋಡಣೆಗೊಂಡಿರುವುದರಿಂದ ಈ ಹೊರ ಎಲೆಕ್ಟ್ರಾನ್‌ಗಳು ಯಾವುದೇ ಒಂದು ಪರಮಾಣುವಿಗೆ ಸೇರಿರದೆ ಇಡೀ ಲೋಹದಲ್ಲಿ ಅಲೆದಾಡುತ್ತಿರುತ್ತವೆ. ಇವುಗಳನ್ನು ಮುಕ್ತ ಎಲೆಕ್ಟ್ರಾನ್‌ಗಳು ಎಂದು ಕರೆಯಲಾಗುತ್ತದೆ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಇವುಗಳ ಸಂಖ್ಯೆಯು 85 ರ ಮುಂದೆ 18 ಸೊನ್ನೆಗಳನ್ನು ಬರೆದಷ್ಟು ಇರುತ್ತದೆ.

ಇಂತಹ ಮುಕ್ತ ಎಲೆಕ್ಟ್ರಾನ್‌ಗಳು ಹೇರಳವಾಗಿರುವ ವಸ್ತುಗಳೇ ವಾಹಕಗಳು. ಬೆಳ್ಳಿ, ತಾಮ್ರ ಮತ್ತು ಅಲ್ಯೂಮಿನಿಯಂ ಉತ್ತಮ ವಾಹಕಗಳಾಗಿವೆ. ಲೋಹಗಳಲ್ಲಿ ಬೆಳ್ಳಿಯು ಅತ್ಯುತ್ತಮ ವಾಹಕವಾದರೂ ಬೆಲೆಯ ಕಾರಣದಿಂದ ವೈರಿಂಗ್‌ಗೆ ಬಳಕೆಯಾಗುವುದಿಲ್ಲ. ಮನೆಯೊಳಗಿನ ವೈರಿಂಗ್‌ಗೆ ತಾಮ್ರವನ್ನೂ, ಕಂಬದ ಮೇಲಿನ ಮಾರ್ಗಗಳಿಗೆ ಹಗುರವಾದ ಅಲ್ಯೂಮಿನಿಯಂ ಅನ್ನೂ ಹೆಚ್ಚಾಗಿ ಬಳಸಲಾಗುತ್ತದೆ.

ಇದಕ್ಕೆ ಪ್ರತಿಯಾಗಿ ಪಿ.ವಿ.ಸಿ., ರಬ್ಬರ್, ಪಿಂಗಾಣಿ, ಗಾಜು ಮುಂತಾದ ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳು ತಮ್ಮ ಪರಮಾಣುಗಳಿಗೆ ಬಿಗಿಯಾಗಿ ಬಂಧಿತವಾಗಿರುತ್ತವೆ. ಇವುಗಳನ್ನು ಅವಾಹಕಗಳು ಎನ್ನುತ್ತಾರೆ. ತಂತಿಯ ಮೇಲಿನ ಹೊದಿಕೆ, ಸ್ವಿಚ್ಚಿನ ಮೇಲ್ಮೈ, ಕಂಬದ ಮೇಲಿನ ಪಿಂಗಾಣಿ ಬಟ್ಟಲು ಇವೆಲ್ಲವೂ ಅವಾಹಕಗಳೇ.

ನೀರಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಶುದ್ಧ ನೀರು ವಿದ್ಯುತ್ತನ್ನು ಅತ್ಯಲ್ಪವಾಗಿ ಮಾತ್ರ ಹರಿಯಗೊಡುತ್ತದೆ. ಆದರೆ ನಲ್ಲಿ, ಬಾವಿ ಹಾಗೂ ಕೊಳವೆಬಾವಿಯ ನೀರಿನಲ್ಲಿ ಲವಣಗಳು ಕರಗಿದ್ದು, ಅವು ಆವೇಶವುಳ್ಳ ಅಯಾನುಗಳಾಗಿ ಬೇರ್ಪಟ್ಟಿರುತ್ತವೆ. ಈ ಅಯಾನುಗಳ ಮೂಲಕ ವಿದ್ಯುತ್ ಹರಿಯುತ್ತದೆ. ಒಣಗಿದ ಮರ ಮತ್ತು ಒಣಗಿದ ಗೋಡೆ ಅವಾಹಕಗಳಂತೆ ವರ್ತಿಸಿದರೂ, ನೆನೆದಾಗ ಅವು ಅಪಾಯಕಾರಿ ಆಗುವುದು ಇದೇ ಕಾರಣದಿಂದ. ಮನುಷ್ಯನ ಚರ್ಮಕ್ಕೂ ಈ ನಿಯಮವೇ ಅನ್ವಯಿಸುತ್ತದೆ.

4. ಪ್ರವಾಹ, ವಿಭವಾಂತರ ಮತ್ತು ರೋಧ

ತಂತಿಯಲ್ಲಿರುವ ಮುಕ್ತ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಎಲ್ಲ ದಿಕ್ಕುಗಳಿಗೂ ಅಡ್ಡಾದಿಡ್ಡಿಯಾಗಿ ಚಲಿಸುತ್ತಿರುತ್ತವೆ. ತಂತಿಯ ಎರಡು ತುದಿಗಳ ನಡುವೆ ವಿದ್ಯುತ್ ಒತ್ತಡವನ್ನು ಉಂಟುಮಾಡಿದಾಗ ಅವೆಲ್ಲವೂ ಒಂದೇ ದಿಕ್ಕಿಗೆ ಜರುಗತೊಡಗುತ್ತವೆ. ಈ ಜರುಗುವಿಕೆಯೇ ವಿದ್ಯುತ್ ಪ್ರವಾಹ. ಅದನ್ನು ಉಂಟುಮಾಡುವ ಒತ್ತಡವು ವಿಭವಾಂತರ. ಜರುಗುವಿಕೆಗೆ ವಸ್ತುವು ಒಡ್ಡುವ ಅಡಚಣೆಯು ರೋಧ. ಇವುಗಳ ಅಳತೆಯ ಮಾನಗಳು ಕ್ರಮವಾಗಿ ಆಂಪಿಯರ್, ವೋಲ್ಟ್ ಮತ್ತು ಓಮ್.

ಒಂದು ಆಂಪಿಯರ್ ಎಂದರೆ ತಂತಿಯ ಯಾವುದೇ ಒಂದು ಬಿಂದುವನ್ನು ಪ್ರತಿ ಸೆಕೆಂಡಿಗೆ ದಾಟುವ ಎಲೆಕ್ಟ್ರಾನ್‌ಗಳ ಸಂಖ್ಯೆ ಸುಮಾರು 624 ರ ಮುಂದೆ 16 ಸೊನ್ನೆಗಳಷ್ಟು ಎಂದು ಅರ್ಥ. ಇಷ್ಟು ದೊಡ್ಡ ಸಂಖ್ಯೆಯ ಎಲೆಕ್ಟ್ರಾನ್‌ಗಳಿದ್ದರೂ ಅವುಗಳ ವೇಗ ಬಹಳ ಕಡಿಮೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ನೇರ ಪ್ರವಾಹ ಹರಿಯುವಾಗ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ ಮುಂದೆ ಸಾಗುತ್ತವೆ. ಒಂದು ಮೀಟರ್ ಕ್ರಮಿಸಲು ಅವುಗಳಿಗೆ ಮೂರೂವರೆ ಗಂಟೆಗೂ ಮೀರಿದ ಕಾಲ ಬೇಕು. ಆದರೂ ಸ್ವಿಚ್ ಒತ್ತಿದ ಕೂಡಲೇ ದೀಪ ಉರಿಯುತ್ತದೆ. ನೀರು ತುಂಬಿದ ಉದ್ದನೆಯ ಕೊಳವೆಯ ಒಂದು ತುದಿಯಲ್ಲಿ ಒತ್ತಡ ಹೇರಿದರೆ ಇನ್ನೊಂದು ತುದಿಯಲ್ಲಿ ಆಗಲೇ ಇದ್ದ ನೀರು ತಕ್ಷಣ ಹೊರಬರುವಂತೆ, ತಂತಿಯ ಉದ್ದಕ್ಕೂ ಆಗಲೇ ಇರುವ ಎಲೆಕ್ಟ್ರಾನ್‌ಗಳೆಲ್ಲವೂ ಬಹುತೇಕ ಒಂದೇ ಕ್ಷಣದಲ್ಲಿ ಚಲಿಸತೊಡಗುವುದೇ ಇದಕ್ಕೆ ಕಾರಣ.

ಈ ಮೂರು ಪರಿಮಾಣಗಳ ಸಂಬಂಧವನ್ನು ಜರ್ಮನಿಯ ಗೇಯಾರ್ಗ್ ಓಮ್ ಅವರು 1827 ರಲ್ಲಿ ಪ್ರಕಟಿಸಿದರು. ವಿಭವಾಂತರವನ್ನು ರೋಧದಿಂದ ಭಾಗಿಸಿದಾಗ ಪ್ರವಾಹ ದೊರೆಯುತ್ತದೆ. ಉದಾಹರಣೆಗೆ, 1.5 ವೋಲ್ಟಿನ ಎರಡು ಶೆಲ್‌ಗಳಿರುವ ಟಾರ್ಚಿನಲ್ಲಿ 3 ವೋಲ್ಟ್ ವಿಭವಾಂತರವಿರುತ್ತದೆ. ಉರಿಯುತ್ತಿರುವ ಬಲ್ಬಿನ ರೋಧ 10 ಓಮ್ ಆಗಿದ್ದಲ್ಲಿ ಪ್ರವಾಹವು 0.3 ಆಂಪಿಯರ್ ಆಗುತ್ತದೆ. ಮನೆಯ ವೈರಿಂಗ್‌ನ ಬಹುಪಾಲು ಲೆಕ್ಕಾಚಾರಗಳಿಗೆ ಈ ನಿಯಮವೇ ಆಧಾರ.

5. ನೇರ ಪ್ರವಾಹ ಮತ್ತು ಪರ್ಯಾಯ ಪ್ರವಾಹ

ಶೆಲ್ ಮತ್ತು ಬ್ಯಾಟರಿಗಳಿಂದ ದೊರೆಯುವುದು ನೇರ ಪ್ರವಾಹ. ಇದರಲ್ಲಿ ಎಲೆಕ್ಟ್ರಾನ್‌ಗಳು ಸದಾ ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಮನೆಗಳಿಗೆ ಸರಬರಾಜಾಗುವುದು ಪರ್ಯಾಯ ಪ್ರವಾಹ. ಭಾರತದಲ್ಲಿ ಗೃಹಬಳಕೆಯ ಸಿಂಗಲ್ ಫೇಸ್ ಸರಬರಾಜು 230 ವೋಲ್ಟ್ ಹಾಗೂ 50 ಹರ್ಟ್ಸ್ ಆಗಿರುತ್ತದೆ. ಅಂದರೆ ಪ್ರವಾಹವು ಸೆಕೆಂಡಿಗೆ 50 ಬಾರಿ ಪೂರ್ಣ ಆವರ್ತನವನ್ನು ಮುಗಿಸುತ್ತದೆ. ಮನೆಯ ತಂತಿಯಲ್ಲಿರುವ ಎಲೆಕ್ಟ್ರಾನ್‌ಗಳು ಒಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು, ಬಹಳ ವೇಳೆ ಅದಕ್ಕೂ ಕಡಿಮೆ ದೂರದಲ್ಲಿ ಹಿಂದಕ್ಕೂ ಮುಂದಕ್ಕೂ ಅಲುಗಾಡುತ್ತಿರುತ್ತವೆ. ವಿದ್ಯುದಾಗಾರದಿಂದ ಎಲೆಕ್ಟ್ರಾನ್‌ಗಳು ಹೊರಟು ಮನೆಗೆ ಬಂದು ಖರ್ಚಾಗುತ್ತವೆ ಎಂಬುದು ತಪ್ಪು ಕಲ್ಪನೆ. ಖರ್ಚಾಗುವುದು ಶಕ್ತಿಯೇ ಹೊರತು ಎಲೆಕ್ಟ್ರಾನ್‌ಗಳಲ್ಲ.

ಶಕ್ತಿಯನ್ನು ಹೀಗೆ ದೂರಕ್ಕೆ ಸಾಗಿಸುವ ಕಾರ್ಯದಲ್ಲಿ ಕರ್ನಾಟಕಕ್ಕೆ ದೀರ್ಘ ಇತಿಹಾಸವಿದೆ. 1902 ರಲ್ಲಿ ಕಾವೇರಿ ನದಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ಜಲವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. 1905 ರಲ್ಲಿ ಬೆಂಗಳೂರು ನಗರಕ್ಕೆ ವಿದ್ಯುದ್ದೀಪಗಳು ಬಂದವು. ದೂರದ ಸಾಗಣೆಗೆ ಹೆಚ್ಚಿನ ವೋಲ್ಟೇಜ್ ಅಗತ್ಯ. ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಸಾಗಿಸಿದರೆ ಪ್ರವಾಹವು ಹತ್ತನೇ ಒಂದರಷ್ಟಾಗುತ್ತದೆ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪರ್ಯಾಯ ಪ್ರವಾಹದ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಸುಲಭವಾಗಿ ಏರಿಳಿಸಬಹುದು. ಬೀದಿಯ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ 11,000 ವೋಲ್ಟ್ ಮಾರ್ಗದಿಂದ ಮನೆಬಳಕೆಯ ಮಟ್ಟಕ್ಕೆ ವೋಲ್ಟೇಜನ್ನು ಇಳಿಸುತ್ತದೆ.

6. ವಿದ್ಯುನ್ಮಂಡಲ

ಪ್ರವಾಹವು ಹರಿಯಬೇಕಾದರೆ ಅದು ಹೊರಟ ಸ್ಥಳಕ್ಕೆ ಮರಳಿ ಬರುವ ಪೂರ್ಣ ಮಾರ್ಗವಿರಬೇಕು. ಈ ಪೂರ್ಣ ಮಾರ್ಗಕ್ಕೆ ವಿದ್ಯುನ್ಮಂಡಲ ಎಂದು ಹೆಸರು. ಮನೆಯಲ್ಲಿ ಫೇಸ್ ತಂತಿ ಮತ್ತು ನ್ಯೂಟ್ರಲ್ ತಂತಿಗಳ ನಡುವೆ ಉಪಕರಣವನ್ನು ಜೋಡಿಸಿದಾಗ ಮಂಡಲ ಪೂರ್ಣಗೊಳ್ಳುತ್ತದೆ. ಸ್ವಿಚ್ ಈ ಮಾರ್ಗವನ್ನು ಕತ್ತರಿಸುವ ಸಾಧನ. ಸ್ವಿಚ್ಚನ್ನು ಕಡ್ಡಾಯವಾಗಿ ಫೇಸ್ ತಂತಿಯಲ್ಲಿಯೇ ಅಳವಡಿಸತಕ್ಕದ್ದು. ತಪ್ಪಾಗಿ ನ್ಯೂಟ್ರಲ್ ತಂತಿಯಲ್ಲಿ ಮಾತ್ರ ಅಳವಡಿಸಿದಲ್ಲಿ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ಉಳಿದಿರುತ್ತದೆ. ಸ್ವಿಚ್ ಆರಿಸಿದೆಯೆಂದು ನಂಬಿ ಬಲ್ಬ್ ಬದಲಿಸುವವರು ಇಂತಹ ಮನೆಗಳಲ್ಲಿ ಅಪಾಯಕ್ಕೆ ಒಳಗಾಗುತ್ತಾರೆ.

ಉಪಕರಣಗಳನ್ನು ಎರಡು ವಿಧವಾಗಿ ಜೋಡಿಸಬಹುದು.

ಅ) ಸರಣಿ ಜೋಡಣೆ: ಒಂದರ ನಂತರ ಒಂದರಂತೆ ಜೋಡಿಸುವುದು. ಹಬ್ಬ ಮತ್ತು ಮದುವೆಗಳಲ್ಲಿ ಬಳಸುತ್ತಿದ್ದ ಹಳೆಯ ಮಾದರಿಯ ಸೀರಿಯಲ್ ಸೆಟ್ ಇದಕ್ಕೆ ಉತ್ತಮ ಉದಾಹರಣೆ. 50 ಸಣ್ಣ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದಾಗ 230 ವೋಲ್ಟ್ ಹಂಚಿಕೆಯಾಗಿ ಪ್ರತಿ ಬಲ್ಬಿಗೆ 4.6 ವೋಲ್ಟ್ ದೊರೆಯುತ್ತದೆ. ಒಂದು ಬಲ್ಬಿನ ಎಳೆ ತುಂಡಾದರೆ ಮಂಡಲವೇ ಕಡಿದುಹೋಗುವುದರಿಂದ ಇಡೀ ಸಾಲು ಆರಿಹೋಗುತ್ತದೆ.

ಆ) ಸಮಾಂತರ ಜೋಡಣೆ: ಪ್ರತಿ ಉಪಕರಣವನ್ನೂ ನೇರವಾಗಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಪ್ರತ್ಯೇಕವಾಗಿ ಜೋಡಿಸುವುದು. ಮನೆಯ ವೈರಿಂಗ್ ಈ ವಿಧದ್ದು. ಪ್ರತಿ ಉಪಕರಣಕ್ಕೂ ಪೂರ್ಣ 230 ವೋಲ್ಟ್ ದೊರೆಯುತ್ತದೆ. ಒಂದನ್ನು ಆರಿಸಿದರೆ ಉಳಿದವುಗಳಿಗೆ ಬಾಧೆಯಿಲ್ಲ. ಆದರೆ ಉಪಕರಣಗಳು ಹೆಚ್ಚಿದಂತೆ ಅವುಗಳ ಪ್ರವಾಹಗಳೆಲ್ಲವೂ ಕೂಡಿ ಮೀಟರಿನಿಂದ ಬರುವ ಮುಖ್ಯ ತಂತಿಯ ಮೂಲಕವೇ ಹರಿಯುತ್ತವೆ ಎಂಬುದನ್ನು ಗಮನಿಸತಕ್ಕದ್ದು.

7. ಸಾಮರ್ಥ್ಯ, ಯೂನಿಟ್ ಮತ್ತು ಅರ್ಜಿಯಲ್ಲಿ ನಮೂದಿಸುವ ಹೊರೆ

ವೋಲ್ಟ್ ಮತ್ತು ಆಂಪಿಯರ್‌ಗಳನ್ನು ಗುಣಿಸಿದಾಗ ಸಾಮರ್ಥ್ಯವು ವ್ಯಾಟ್‌ಗಳಲ್ಲಿ ದೊರೆಯುತ್ತದೆ. ಮೋಟಾರ್ ಇರುವ ಉಪಕರಣಗಳಿಗೆ ಈ ಲೆಕ್ಕವು ಅಂದಾಜಿನದ್ದಾದರೂ ಮನೆಯ ಹೊರೆಯನ್ನು ತಿಳಿಯಲು ಸಾಕು. ಸಾವಿರ ವ್ಯಾಟ್‌ಗೆ ಒಂದು ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಹೊರೆಯನ್ನು ಒಂದು ಗಂಟೆ ಕಾಲ ಬಳಸಿದರೆ ಮೀಟರಿನಲ್ಲಿ ಒಂದು ಯೂನಿಟ್ ದಾಖಲಾಗುತ್ತದೆ. 2000 ವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಕಾಯ್ದರೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್ ಆಗುತ್ತದೆ.

ಸಾಧಾರಣ ಕುಟುಂಬವೊಂದರ ಸಂಪರ್ಕಿತ ಹೊರೆಯನ್ನು ಲೆಕ್ಕ ಹಾಕುವ ಕ್ರಮವನ್ನು ಉದಾಹರಣೆಯಾಗಿ ಕೆಳಗೆ ನೀಡಲಾಗಿದೆ.

9 ವ್ಯಾಟ್‌ನ ಎಲ್.ಇ.ಡಿ. ದೀಪಗಳು 6: 54 ವ್ಯಾಟ್
75 ವ್ಯಾಟ್‌ನ ಫ್ಯಾನುಗಳು 3: 225 ವ್ಯಾಟ್
ದೂರದರ್ಶನ 1: 100 ವ್ಯಾಟ್
ಫ್ರಿಜ್ 1: 200 ವ್ಯಾಟ್
ಮಿಕ್ಸಿ 1: 750 ವ್ಯಾಟ್
ಇಸ್ತ್ರಿ ಪೆಟ್ಟಿಗೆ 1: 1000 ವ್ಯಾಟ್
ಗೀಸರ್ 1: 2000 ವ್ಯಾಟ್
ಒಟ್ಟು: 4329 ವ್ಯಾಟ್, ಅಂದರೆ ಸುಮಾರು 4.33 ಕಿಲೋವ್ಯಾಟ್

ಎಲ್ಲವೂ ಒಮ್ಮೆಗೇ ಚಾಲನೆಯಲ್ಲಿದ್ದರೆ 4329 ಅನ್ನು 230 ರಿಂದ ಭಾಗಿಸಿದಾಗ ಸುಮಾರು 18.8 ಆಂಪಿಯರ್ ಪ್ರವಾಹವಾಗುತ್ತದೆ. ಶುಲ್ಕ ಉಳಿಸುವ ಉದ್ದೇಶದಿಂದ ಅರ್ಜಿಯಲ್ಲಿ ಒಂದು ಕಿಲೋವ್ಯಾಟ್ ಎಂದು ನಮೂದಿಸಿದರೆ, ಕಾಗದದ ಮೇಲೆ ಈ ಮನೆಯ ಪ್ರವಾಹವು 4.3 ಆಂಪಿಯರ್ ಮಾತ್ರ. ಇದರ ಪರಿಣಾಮವು ಒಂದು ಮನೆಗೆ ಸೀಮಿತವಲ್ಲ. 25 ಕಿಲೋವೋಲ್ಟ್-ಆಂಪಿಯರ್ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರಿನಿಂದ 20 ಮನೆಗಳಿಗೆ ಸಂಪರ್ಕ ನೀಡಲಾಗಿದ್ದು, ಪ್ರತಿಯೊಬ್ಬರೂ ಒಂದು ಕಿಲೋವ್ಯಾಟ್ ಎಂದು ಘೋಷಿಸಿದ್ದರೆ ಒಟ್ಟು ಹೊರೆ 20 ಕಿಲೋವ್ಯಾಟ್ ಎಂದು ತೋರುತ್ತದೆ. ಬೆಳಗಿನ ಸ್ನಾನದ ವೇಳೆಯಲ್ಲಿ ಪ್ರತಿ ಮನೆಯೂ ಎರಡು ಕಿಲೋವ್ಯಾಟ್ ಬಳಸಿದರೆ ನೈಜ ಹೊರೆ 40 ಕಿಲೋವ್ಯಾಟ್ ಆಗುತ್ತದೆ. ವೋಲ್ಟೇಜ್ ಕುಸಿಯುವುದು, ಫ್ಯೂಸ್ ಕರಗುವುದು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಇಡೀ ಬೀದಿ ಕತ್ತಲಾಗುವುದು ಇದರ ಫಲ. ಆದುದರಿಂದ ಅರ್ಜಿದಾರರು ನೈಜ ಹೊರೆಯನ್ನೇ ಘೋಷಿಸತಕ್ಕದ್ದು.

8. ತಂತಿ ಬಿಸಿಯಾಗುವುದು ಏಕೆ

ಜರುಗುತ್ತಿರುವ ಎಲೆಕ್ಟ್ರಾನ್‌ಗಳು ಕಂಪಿಸುತ್ತಿರುವ ಪರಮಾಣುಗಳೊಡನೆ ಘರ್ಷಿಸಿ ತಮ್ಮ ಶಕ್ತಿಯ ಒಂದು ಭಾಗವನ್ನು ಅವುಗಳಿಗೆ ಬಿಟ್ಟುಕೊಡುತ್ತವೆ. ಪರಮಾಣುಗಳ ಕಂಪನ ಹೆಚ್ಚುತ್ತದೆ, ಅಂದರೆ ತಂತಿ ಬಿಸಿಯಾಗುತ್ತದೆ. ಶಾಖದ ಪ್ರಮಾಣವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖವು ನಾಲ್ಕರಷ್ಟಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಮತ್ತು ಗೀಸರಿನಲ್ಲಿ ಈ ಶಾಖವು ಉಪಯುಕ್ತ. ಗೋಡೆಯೊಳಗಿನ ತಂತಿಯಲ್ಲಿ ಇದೇ ಶಾಖವು ಅಪಾಯ.

2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧವು ಕಿಲೋಮೀಟರಿಗೆ ಸುಮಾರು 7.4 ಓಮ್. ಮೀಟರ್ ಬೋರ್ಡಿನಿಂದ ಗೀಸರಿಗೆ 20 ಮೀಟರ್ ದೂರವಿದ್ದರೆ ಹೋಗಿಬರುವ ಉದ್ದ 40 ಮೀಟರ್, ರೋಧ ಸುಮಾರು 0.3 ಓಮ್. 2000 ವ್ಯಾಟ್ ಗೀಸರಿನ 8.7 ಆಂಪಿಯರ್ ಹರಿದಾಗ ತಂತಿಯ ಇಡೀ ಉದ್ದದಲ್ಲಿ ಸುಮಾರು 22 ವ್ಯಾಟ್ ಶಾಖ ಹಂಚಿಹೋಗುತ್ತದೆ. ಇದರಿಂದ ತೊಂದರೆಯಿಲ್ಲ. ಆದರೆ ಸಾಕೆಟ್ಟಿನ ತಿರುಪು ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಉಂಟಾದರೆ ಆ ಒಂದೇ ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಶಾಖ ಹೊಮ್ಮುತ್ತದೆ. ಇದು ಸೀಸದ ಬೆಸುಗೆ ಹಾಕುವ ಸಣ್ಣ ಸಾಧನವೊಂದರ ಶಾಖಕ್ಕೆ ಸಮ. ಪ್ಲಗ್ ಕಪ್ಪಾಗುವುದು, ಸಾಕೆಟ್ ಕರಗುವುದು, ಸುಟ್ಟ ವಾಸನೆ ಬರುವುದು ಇಂತಹ ದೋಷದ ಲಕ್ಷಣಗಳು. ಇವು ಕಂಡುಬಂದಲ್ಲಿ ಆ ಸಾಕೆಟ್ಟಿನ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು.

9. ಫ್ಯೂಸ್ ಮತ್ತು ಎಂ.ಸಿ.ಬಿ.

ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ನೇರವಾಗಿ ತಾಗಿದಾಗ ಮಂಡಲದ ರೋಧವು ಅತ್ಯಲ್ಪವಾಗಿ ಪ್ರವಾಹವು ನೂರಾರು ಆಂಪಿಯರ್‌ಗಳಿಗೆ ಏರಬಹುದು. ಇದನ್ನು ಹ್ರಸ್ವಮಂಡಲ, ಬಳಕೆಯ ಮಾತಿನಲ್ಲಿ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ. ತಂತಿಯು ತಾಳಿಕೊಳ್ಳುವುದಕ್ಕಿಂತ ಹೆಚ್ಚಿನ ಹೊರೆಯನ್ನು ಹಾಕುವುದು ಓವರ್‌ಲೋಡ್. ಈ ಎರಡೂ ಸಂದರ್ಭಗಳಲ್ಲಿ ಮಂಡಲವನ್ನು ತಾನಾಗಿಯೇ ಕತ್ತರಿಸುವ ಸಾಧನಗಳು ಫ್ಯೂಸ್ ಮತ್ತು ಎಂ.ಸಿ.ಬಿ.

ಇವುಗಳ ಮುಖ್ಯ ಕೆಲಸ ತಂತಿಯನ್ನು ರಕ್ಷಿಸುವುದು. ಆದುದರಿಂದ ಎಂ.ಸಿ.ಬಿ.ಯ ಆಂಪಿಯರ್ ಮೌಲ್ಯವು ತಂತಿಯ ಸಾಮರ್ಥ್ಯವನ್ನು ಮೀರಬಾರದು. ಪದೇ ಪದೇ ಬೀಳುತ್ತಿದೆಯೆಂಬ ಕಾರಣಕ್ಕೆ 16 ಆಂಪಿಯರಿನ ಎಂ.ಸಿ.ಬಿ.ಯನ್ನು ತೆಗೆದು 32 ಆಂಪಿಯರಿನದನ್ನು ಹಾಕಿಸುವುದು, ಕರಗಿದ ಫ್ಯೂಸಿಗೆ ದಪ್ಪ ತಾಮ್ರದ ಎಳೆಗಳನ್ನು ಸುತ್ತುವುದು ಅತ್ಯಂತ ಅಪಾಯಕಾರಿ. ಹೀಗೆ ಮಾಡಿದಲ್ಲಿ ಫ್ಯೂಸಿನ ಬದಲಾಗಿ ಗೋಡೆಯೊಳಗಿನ ತಂತಿಯೇ ಕರಗುತ್ತದೆ.

10. ವಿದ್ಯುದಾಘಾತ, ಅರ್ತಿಂಗ್ ಮತ್ತು ಆರ್.ಸಿ.ಸಿ.ಬಿ.

ವಿತರಣಾ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಬಿಂದುವನ್ನು ಭೂಮಿಗೆ ಜೋಡಿಸಲಾಗಿರುತ್ತದೆ. ಆದಕಾರಣ ನೆಲದ ಮೇಲೆ ನಿಂತು ಫೇಸ್ ತಂತಿಯನ್ನು ಮುಟ್ಟಿದ ವ್ಯಕ್ತಿಯ ದೇಹದ ಮೂಲಕ ಭೂಮಿಗೆ, ಭೂಮಿಯ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮಂಡಲವು ಪೂರ್ಣಗೊಳ್ಳುತ್ತದೆ. ಒದ್ದೆ ಕೈ ಮತ್ತು ಬರಿಗಾಲಿನ ಸ್ಥಿತಿಯಲ್ಲಿ ದೇಹದ ರೋಧವು ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ ಓಮ್ ನಿಯಮದಂತೆ ದೇಹದಲ್ಲಿ ಹರಿಯುವ ಪ್ರವಾಹವು 230 ಮಿಲಿಆಂಪಿಯರ್. ಸುಮಾರು ಒಂದು ಮಿಲಿಆಂಪಿಯರ್ ಜುಮುಗುಡುವಿಕೆಯಾಗಿ ಅನುಭವಕ್ಕೆ ಬರುತ್ತದೆ. ಹತ್ತು ಮಿಲಿಆಂಪಿಯರ್ ದಾಟಿದಾಗ ಸ್ನಾಯುಗಳು ಬಿಗಿದು ಹಿಡಿದ ಕೈಯನ್ನು ಬಿಡಲಾಗದಂತಾಗಬಹುದು. ಅದಕ್ಕೂ ಮೀರಿದ ಪ್ರವಾಹವು ಉಸಿರಾಟ ಹಾಗೂ ಹೃದಯದ ಬಡಿತವನ್ನು ಅಸ್ತವ್ಯಸ್ತಗೊಳಿಸಿ ಪ್ರಾಣಾಪಾಯ ತರುತ್ತದೆ. 16 ಆಂಪಿಯರಿನ ಎಂ.ಸಿ.ಬಿ.ಯು ಕಾಲು ಆಂಪಿಯರಿಗೂ ಕಡಿಮೆಯಿರುವ ಈ ಪ್ರವಾಹವನ್ನು ದೋಷವೆಂದು ಗುರುತಿಸುವುದೇ ಇಲ್ಲ.

ಲೋಹದ ಕವಚವಿರುವ ಗೀಸರ್, ಫ್ರಿಜ್, ಪಂಪ್‌ಸೆಟ್ ಮುಂತಾದವುಗಳಲ್ಲಿ ಅವಾಹಕ ಹೊದಿಕೆ ಹಾಳಾಗಿ ಫೇಸ್ ತಂತಿ ಕವಚಕ್ಕೆ ತಗುಲಿದರೆ ಇಡೀ ಕವಚವೇ ಫೇಸ್ ಆಗುತ್ತದೆ. ಉಪಕರಣ ಎಂದಿನಂತೆ ಕೆಲಸ ಮಾಡುತ್ತಲೇ ಇರಬಹುದು. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ತಡೆಯಲು ಕವಚವನ್ನು ಅರ್ತ್ ತಂತಿಯ ಮೂಲಕ ಭೂಮಿಯಲ್ಲಿ ಹುಗಿದ ಎಲೆಕ್ಟ್ರೋಡಿಗೆ ಜೋಡಿಸಲಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಉದ್ದವಾಗಿಯೂ ದಪ್ಪವಾಗಿಯೂ ಇರುವ ಪಿನ್ ಅರ್ತ್‌ಗೆ ಸೇರಿದ್ದು. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅರ್ತ್ ಜೋಡಣೆಯಾಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂಬ ಕಾರಣಕ್ಕೆ ಅದನ್ನು ಉದ್ದವಾಗಿ ಮಾಡಲಾಗಿದೆ. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಜೋಡಿಸುವುದು ಪ್ರಾಣರಕ್ಷಣೆಯ ಮಾರ್ಗವನ್ನೇ ಕಡಿದಂತೆ.

ಅರ್ತಿಂಗ್ ಇದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎಂದು ಭಾವಿಸುವಂತಿಲ್ಲ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದಾಗ ಅದರ ರೋಧ ಏರುತ್ತದೆ. ಭೂಮಿಯ ಮೂಲಕ ಸಾಗುವ ಮಾರ್ಗದ ಒಟ್ಟು ರೋಧ 10 ಓಮ್ ಇದ್ದಲ್ಲಿ ದೋಷದ ಪ್ರವಾಹವು 23 ಆಂಪಿಯರ್ ಮಾತ್ರ. ಇಷ್ಟಕ್ಕೆ 16 ಆಂಪಿಯರಿನ ಎಂ.ಸಿ.ಬಿ. ಬೀಳಲು ಹಲವು ನಿಮಿಷಗಳಿಂದ ಒಂದು ಗಂಟೆಯವರೆಗೂ ಹಿಡಿಯಬಹುದು. ಆ ಅವಧಿಯುದ್ದಕ್ಕೂ ಕವಚದ ಮೇಲೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಈ ಕೊರತೆಯನ್ನು ಆರ್.ಸಿ.ಸಿ.ಬಿ. ಎಂಬ ಸಾಧನವು ತುಂಬುತ್ತದೆ. ಇದು ಫೇಸ್ ತಂತಿಯಲ್ಲಿ ಹೋದ ಪ್ರವಾಹವನ್ನೂ ನ್ಯೂಟ್ರಲ್ ತಂತಿಯಲ್ಲಿ ಮರಳಿದ ಪ್ರವಾಹವನ್ನೂ ಸದಾ ಹೋಲಿಸುತ್ತಿರುತ್ತದೆ. ಎರಡೂ ಸಮವಾಗಿದ್ದರೆ ದೋಷವಿಲ್ಲ. ವ್ಯತ್ಯಾಸ ಕಂಡುಬಂದರೆ ಪ್ರವಾಹವು ಬೇರೆ ಮಾರ್ಗದಿಂದ ಭೂಮಿಗೆ ಸೋರುತ್ತಿದೆ ಎಂದು ಅರ್ಥ. ಮನೆಗಳಿಗೆ ಬಳಸುವ 30 ಮಿಲಿಆಂಪಿಯರ್ ಮಾದರಿಯು ಆ ಪ್ರಮಾಣದ ಸೋರಿಕೆಗೆ ಸೆಕೆಂಡಿನ ಹತ್ತನೇ ಮೂರು ಭಾಗದೊಳಗೆ ಸರಬರಾಜನ್ನು ಕಡಿಯುತ್ತದೆ. ಸೋರಿಕೆ ಹೆಚ್ಚಿದ್ದಲ್ಲಿ ಇನ್ನೂ ಬೇಗನೆ ಕಡಿಯುತ್ತದೆ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದು ರಕ್ಷಿಸಲಾರದು. ಏಕೆಂದರೆ ಆಗ ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಾಗಿರುತ್ತವೆ. ಇದು ಅರ್ತಿಂಗ್‌ಗೆ ಬದಲಿಯೂ ಅಲ್ಲ. ಅರ್ತಿಂಗ್, ಎಂ.ಸಿ.ಬಿ. ಮತ್ತು ಆರ್.ಸಿ.ಸಿ.ಬಿ. ಮೂರೂ ಇರತಕ್ಕದ್ದು. ಸಾಧನದ ಮೇಲಿರುವ ಪರೀಕ್ಷಾ ಗುಂಡಿಯನ್ನು ನಿಯತವಾಗಿ ಒತ್ತಿ ಅದು ಕಾರ್ಯನಿರ್ವಹಿಸುತ್ತಿರುವುದನ್ನು ಖಚಿತಪಡಿಸಿಕೊಳ್ಳಬೇಕು.

11. ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳು

1) ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದಂತೆ ವಿದ್ಯುತ್ ಕಾಯ್ದೆ 2003 ಹಾಗೂ ಅದರ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2023 ರಲ್ಲಿ ಹೊರಡಿಸಿದ ಸುರಕ್ಷತಾ ವಿನಿಯಮಗಳು ಜಾರಿಯಲ್ಲಿವೆ. ವೈರಿಂಗ್ ಕಾರ್ಯವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಪರವಾನಗಿಯನ್ನು ತೋರಿಸುವಂತೆ ಕೇಳುವುದು ಅರ್ಜಿದಾರರ ಹಕ್ಕು.

2) ಮನೆಯಲ್ಲಿರುವ ಹಾಗೂ ಮುಂದೆ ಕೊಳ್ಳಲು ಉದ್ದೇಶಿಸಿರುವ ಉಪಕರಣಗಳ ವ್ಯಾಟ್‌ಗಳನ್ನು ಅವುಗಳ ಫಲಕ ನೋಡಿ ಬರೆದು, ಮೇಲ್ಕಂಡ ಉದಾಹರಣೆಯಂತೆ ಒಟ್ಟು ಹೊರೆಯನ್ನು ಲೆಕ್ಕ ಹಾಕಬೇಕು.

3) ಗೀಸರ್, ಹವಾನಿಯಂತ್ರಕ, ಪಂಪ್ ಮುಂತಾದ ಭಾರಿ ಉಪಕರಣಗಳಿಗೆ 16 ಆಂಪಿಯರಿನ ಸಾಕೆಟ್ ಹಾಗೂ ಪ್ರತ್ಯೇಕ ಮಂಡಲವನ್ನು ಒದಗಿಸಬೇಕು.

4) ವರದಿಯಲ್ಲಿ ಅರ್ತ್ ರೋಧ ಮತ್ತು ಇನ್ಸುಲೇಶನ್ ರೋಧದ ಅಂಕಿಗಳು ವಾಸ್ತವವಾಗಿ ಅಳೆದವುಗಳೇ ಎಂಬುದನ್ನು ಸ್ಥಳದಲ್ಲಿದ್ದು ನೋಡಿಕೊಳ್ಳುವುದು ಸೂಕ್ತ. ಇನ್ಸುಲೇಶನ್ ರೋಧವು ಹತ್ತು ಲಕ್ಷ ಓಮ್, ಅಂದರೆ ಒಂದು ಮೆಗಾಓಮ್ ಇದ್ದಲ್ಲಿ 230 ವೋಲ್ಟಿಗೆ ಸೋರುವ ಪ್ರವಾಹವು 0.23 ಮಿಲಿಆಂಪಿಯರ್ ಮಾತ್ರ. ಅರ್ತ್ ರೋಧವು ಕಡಿಮೆಯಿದ್ದಷ್ಟೂ ಉತ್ತಮ, ಇನ್ಸುಲೇಶನ್ ರೋಧವು ಹೆಚ್ಚಿದ್ದಷ್ಟೂ ಉತ್ತಮ ಎಂಬುದನ್ನು ನೆನಪಿಡಬೇಕು.

5) ಯಾರಿಗಾದರೂ ವಿದ್ಯುದಾಘಾತವಾದಲ್ಲಿ ಅವರನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಒಣಗಿದ ನೆಲ ಅಥವಾ ಒಣ ಹಲಗೆಯ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಮನೆಯ ತಂತಿಯನ್ನು ಬೇರ್ಪಡಿಸಿ, ಕೂಡಲೇ 108 ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದಲ್ಲಿ ಆಂಬ್ಯುಲೆನ್ಸ್ ಬರುವವರೆಗೆ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಮುಂದುವರಿಸಬೇಕು. ಬೀದಿಯಲ್ಲಿ ಕಡಿದುಬಿದ್ದ ಮಾರ್ಗದ ತಂತಿಯ ಸಮೀಪಕ್ಕೆ ಯಾವ ಕಾರಣಕ್ಕೂ ಹೋಗಬಾರದು. ಅದರ ಬಗ್ಗೆ ವಿದ್ಯುತ್ ಸಹಾಯವಾಣಿ 1912 ಕ್ಕೆ ತಿಳಿಸಬೇಕು.

12. ಮುಕ್ತಾಯ

ತಾಮ್ರದ ಹೊರ ಕವಚದ ಒಂದು ಸಡಿಲ ಎಲೆಕ್ಟ್ರಾನಿನ ಗುಣವೇ ಮನೆಗೆ ಬೆಳಕನ್ನೂ ನೀಡುತ್ತದೆ, ಅಜಾಗರೂಕರಾದಲ್ಲಿ ಅಪಾಯವನ್ನೂ ತರುತ್ತದೆ. ಎಲೆಕ್ಟ್ರಾನ್‌ಗಳು ತಮಗೆ ದೊರೆತ ಎಲ್ಲ ಮಾರ್ಗಗಳಲ್ಲೂ ಹರಿಯುತ್ತವೆ. ಆ ಮಾರ್ಗವು ಮನುಷ್ಯನ ದೇಹವಾಗದಂತೆ ನೋಡಿಕೊಳ್ಳುವುದು ವೈರಿಂಗ್ ಮಾಡುವವರ ಮತ್ತು ಮಾಡಿಸುವವರ ಸಮಾನ ಹೊಣೆಯಾಗಿದೆ. ಅರ್ಜಿದಾರರು ಮೇಲ್ಕಂಡ ಅಂಶಗಳನ್ನು ಅರಿತು, ಅರ್ಜಿಯ ಪ್ರತಿ ಅಂಕಣವನ್ನೂ ಓದಿ ಸಹಿ ಮಾಡಬೇಕಾಗಿಯೂ, ಸುರಕ್ಷಿತ ವಿದ್ಯುತ್ ಬಳಕೆಗೆ ಸಹಕರಿಸಬೇಕಾಗಿಯೂ ಕೋರಲಾಗಿದೆ.